ಮರೆಯಲ್ಲಿ ಕೂತವನ ಹೊಣೆ

ಕೋಲಾರ ಚಿನ್ನದ ಗಣಿಯ ಕೋರಮಂಡಲ್, ಮಾರಿಕುಪ್ಪಂ, ಚಾಂಪಿಯನ್ ರೀಫ್, ಆಂಡರ್ಸನ್‌ಪೇಟೆಗಳಿಂದಲೂ ಅತ್ತ ಬಂಗಾರಪೇಟೆಯ ಕಡೆಯಿಂದಲೂ ಮಹಾಶಿವರಾತ್ರಿಯ ದಿನ ಜನ ಕಮ್ಮಸಂದ್ರದ ದಾರಿ ಹಿಡಿಯುತ್ತಾರೆ. ಅಲ್ಲಿನ ಕೋಟಿಲಿಂಗೇಶ್ವರ ಕ್ಷೇತ್ರದಲ್ಲಿ 108 ಅಡಿ ಎತ್ತರದ ಲಿಂಗ, ಅದರೆದುರು 35 ಅಡಿಯ ಬಸವಣ್ಣ, ಸುತ್ತಲೂ ಭಕ್ತರು ಹರಕೆ ಹೊತ್ತು ಇಟ್ಟ ಲಿಂಗಗಳ ಸಾಲು. ಗಣಿಸೀಮೆಯಲ್ಲಿ ಮನೆಮಾತು ತಮಿಳಾಗಲಿ, ತೆಲುಗಾಗಲಿ, ಕನ್ನಡವಾಗಲಿ, ಶಿವರಾತ್ರಿಯ ಕಥೆಯೆಂದರೆ ಬೇಡನ ಕಥೆಯೇ. ಹಸಿದ ಸಂಸಾರವನ್ನು ಮನೆಯಲ್ಲಿ ಬಿಟ್ಟು ಬಂದ ಬೇಡ ನೀರಿನ ಪಕ್ಕದ ಬಿಲ್ವದ ಮರ ಹತ್ತಿ ಜಿಂಕೆಗಾಗಿ ಕಾಯುತ್ತಾನೆ. ಅವನ ಮೈಯಲುಗಿದಾಗ ಎಲೆ ಉದುರಿ ಬುಡದಲ್ಲಿದ್ದ ಲಿಂಗದ ಮೇಲೆ ಬೀಳುತ್ತದೆ. ಜಾವ ಜಾವಕ್ಕೂ ಒಂದು ಜಿಂಕೆ ಬರುತ್ತದೆ, ಮಾತಾಡುತ್ತದೆ, ಮರಳಿ ಬರುವುದಾಗಿ ಭಾಷೆ ಕೊಟ್ಟು ಹೋಗುತ್ತದೆ. ಬೆಳಗಾಗುವ ಹೊತ್ತಿಗೆ ಇಡೀ ಜಿಂಕೆ ಸಂಸಾರವೇ ಬಂದು ಅವನ ಮುಂದೆ ನಿಲ್ಲುತ್ತದೆ. ಬೇಡ ಬಿಲ್ಲು ಇಳಿಸುತ್ತಾನೆ. ತಿಳಿಯದೆ ಮಾಡಿದ ಪೂಜೆಗೂ ಫಲವುಂಟು ಎಂಬುದನ್ನೇ ಈ ಕಥೆಯ ಸಾರವೆಂದು ಹೇಳುವುದು ವಾಡಿಕೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಥೆ ನಡೆಯುವ ಜಾಗವನ್ನೂ ಗಮನಿಸಬೇಕು. ಆ ಬಿಲ್ವದ ಮರ ಬೇಟೆಯ ಮರೆ. ತಾನು ಕಾಣಿಸಿಕೊಳ್ಳದೆ ಪ್ರಾಣಿಯನ್ನು ಕೊಲ್ಲಲೆಂದು ಆರಿಸಿಕೊಂಡ ಜಾಗದಲ್ಲೇ ಆ ಮನುಷ್ಯ ಬದಲಾದದ್ದು ಹೇಗೆ? ಮರೆಯಲ್ಲಿ ಕೂತು ಕೊಲ್ಲುವುದು ಧರ್ಮವೇ ಎಂಬ ಬಹಳ ಹಳೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಅಲ್ಲೇ ಎಂದು ನನಗನ್ನಿಸುತ್ತದೆ.

ಮರೆ ಕಟ್ಟುವ ಕೆಲಸವನ್ನು ಮೊದಲು ಹತ್ತಿರದಿಂದ ನೋಡೋಣ. ಈ ಸೀಮೆಯ ಕುರುಚಲಿನಲ್ಲಿ ಸಿಗುವುದು ತಂಗಡಿ, ಬಂದರೆ, ಲಂಟಾನ, ಜಾಲಿ ಮತ್ತು ಬಂಡೆಗಳ ಸಂದು. ಕೆಲಸ ಬಲ್ಲವನು ಹೊಸದೇನನ್ನೂ ತಂದು ನೆಲದ ಮೇಲೆ ನಿಲ್ಲಿಸುವುದಿಲ್ಲ. ಇದ್ದ ಪೊದೆಯನ್ನೇ ಒಂದಿಷ್ಟು ದಟ್ಟ ಮಾಡುತ್ತಾನೆ. ಅದೇ ಜಾತಿಯ ಗಿಡದ ಕೊಂಬೆಯನ್ನು ಸ್ವಲ್ಪ ದೂರದಿಂದ ಕಡಿದು ತರುತ್ತಾನೆ, ಕಡಿದ ತುದಿಯ ಬಿಳುಪು ಕಾಣದ ಹಾಗೆ ಒಳಮುಖ ಮಾಡಿಯೋ ಮಣ್ಣು ಸವರಿಯೋ ಸಿಕ್ಕಿಸುತ್ತಾನೆ. ಬೆನ್ನಿಗೆ ಬಂಡೆಯೋ ದಟ್ಟ ಗಿಡವೋ ಇರಬೇಕು, ಇಲ್ಲದಿದ್ದರೆ ಆಕಾಶದ ಎದುರು ತಲೆಯ ಆಕಾರ ಎದ್ದು ಕಾಣುತ್ತದೆ. ಕೂರುವ ಜಾಗದಲ್ಲಿ ಒಂದು ಒಣಗಿದ ಕಡ್ಡಿಯೂ ಉಳಿಯದಂತೆ ಗುಡಿಸುತ್ತಾನೆ, ಕಾಲು ಸರಿಸಿದರೆ ಸದ್ದಾಗಬಾರದು. ಗಾಳಿ ಜಿಂಕೆಯ ಕಡೆಯಿಂದ ತನ್ನ ಕಡೆಗೆ ಬೀಸಬೇಕು. ನೋಡಲು ಬಿಟ್ಟ ಕಿಂಡಿ ಅಂಗೈಯಗಲ ಇದ್ದರೆ ಸಾಕು. ಕಟ್ಟಿದ ದಿನವೇ ಒಳಗೆ ಹೋಗಿ ಕೂರುವುದಿಲ್ಲ. ಜಿಂಕೆಗಳು ಬಂದು, ನೋಡಿ, ಅದನ್ನು ಪೊದೆಯೆಂದು ಒಪ್ಪುವವರೆಗೆ ಖಾಲಿ ಬಿಡುತ್ತಾನೆ. ಜಿಂಕೆಗೆ ಕೆಂಪು ಹಸಿರುಗಳ ವ್ಯತ್ಯಾಸ ಅಷ್ಟಾಗಿ ತಿಳಿಯದು, ಆದರೆ ಸಣ್ಣ ಅಲುಗಾಟವೂ ಅದರ ಕಣ್ಣು ತಪ್ಪಿಸುವುದಿಲ್ಲ. ಬಯಲಿನ ಕೃಷ್ಣಮೃಗವಂತೂ ತನ್ನ ಕಣ್ಣನ್ನೂ ಕಾಲನ್ನೂ ನಂಬಿಯೇ ಬದುಕುವ ಪ್ರಾಣಿ. ಪೊದೆಯೇ ಇಲ್ಲದ ಬಯಲಲ್ಲಿ ಅದರ ಹತ್ತಿರ ಹೋಗಲು ಬೇಟೆಗಾರರು ಎತ್ತಿನ ಮಗ್ಗುಲಲ್ಲಿ ಬಾಗಿ ನಡೆಯುತ್ತಿದ್ದರು, ಹೊಲದ ಎತ್ತನ್ನು ಕಂಡು ಅದು ಓಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವ ದೀವದ ಬೇಟೆಯೂ ಕನ್ನಡ ನಾಡಿಗೆ ಹಳೆಯದೇ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಬಂದ ‘ಮಾನಸೋಲ್ಲಾಸ’ ಬೇಟೆಯನ್ನು ಅರಸರ ವಿನೋದಗಳ ಸಾಲಿಗೆ ಸೇರಿಸಿ ಅದರ ಬಗೆಗಳನ್ನು ವಿಸ್ತಾರವಾಗಿ ಹೇಳುತ್ತದೆ.

ಈ ಒಂದೊಂದು ಎಚ್ಚರಿಕೆಯ ಹಿಂದೆಯೂ ಜಿಂಕೆಯ ಬಗ್ಗೆ ಒಂದೊಂದು ಒಪ್ಪಿಗೆಯಿದೆ. ಗಾಳಿಯ ದಿಕ್ಕು ನೋಡಿದವನು ಜಿಂಕೆ ವಾಸನೆಯಿಂದ ತನ್ನನ್ನು ಗುರುತಿಸಬಲ್ಲದು ಎಂದು ಒಪ್ಪಿದ್ದಾನೆ. ಮರೆಯನ್ನು ಖಾಲಿ ಬಿಟ್ಟವನು ಅದಕ್ಕೆ ನೆನಪಿದೆ ಎಂದು ಒಪ್ಪಿದ್ದಾನೆ. ನಿನ್ನೆ ಇಲ್ಲದ ಪೊದೆ ಇಂದು ಇರುವುದು ಅದಕ್ಕೆ ತಿಳಿಯುತ್ತದೆ, ತಿಳಿದು ಅನುಮಾನ ಪಡುತ್ತದೆ, ಅನುಮಾನ ಮೆಲ್ಲಗೆ ಕರಗುತ್ತದೆ. ಎತ್ತಿನ ಮಗ್ಗುಲಲ್ಲಿ ನಡೆದವನು ಅದು ಎತ್ತನ್ನು ಬೇರೆ, ಮನುಷ್ಯನನ್ನು ಬೇರೆ ಎಂದು ವಿಂಗಡಿಸಿ ಯಾರನ್ನು ನಂಬಬೇಕೆಂದು ನಿರ್ಧರಿಸುತ್ತದೆ ಎಂಬುದನ್ನೂ ಒಪ್ಪಿದ್ದಾನೆ. ಗಣಿಯ ಒಳಗೆ ಬಂಡೆಗೆ ಮದ್ದಿಡುವವನಿಗೆ ಬಂಡೆ ಸಿಡಿದೀತೆಂಬ ಭಯವಿರುತ್ತದೆ, ತನ್ನನ್ನು ನೋಡೀತೆಂಬ ಭಯ ಇರುವುದಿಲ್ಲ. ನೋಡುವ, ಹೆದರುವ, ನಂಬುವ, ಮೋಸಹೋಗಬಲ್ಲ ಜೀವದ ಎದುರು ಮಾತ್ರ ಮರೆ ಬೇಕಾಗುತ್ತದೆ. ಹೀಗಾಗಿ ಮರೆಯನ್ನು ಕಟ್ಟಿ ಮುಗಿಸಿದವನು ಆಮೇಲೆ ‘ಅದು ಬರೀ ಪ್ರಾಣಿ, ಅದಕ್ಕೇನು ಗೊತ್ತು’ ಎಂದರೆ ಆ ಮಾತು ನಿಲ್ಲುವುದಿಲ್ಲ. ಅದಕ್ಕೆ ಎಷ್ಟೆಲ್ಲ ಗೊತ್ತು ಎಂಬುದನ್ನು ಅವನ ಕೈಯೇ ಸೊಪ್ಪು ಕಡ್ಡಿಗಳಲ್ಲಿ ಸಾಕ್ಷಿ ಬರೆದಿಟ್ಟಿದೆ.

ಈ ಸೋಲುವ ಮಾತನ್ನು ನಮ್ಮ ಪರಂಪರೆಯಲ್ಲಿ ಆಡಿದವನು ಸಾಮಾನ್ಯನಲ್ಲ. ರಾಮಾಯಣದ ಕಿಷ್ಕಿಂಧಾ ಕಾಂಡದಲ್ಲಿ ಮರದ ಮರೆಯಿಂದ ಬಂದ ಬಾಣ ತಾಕಿ ಬಿದ್ದ ವಾಲಿ, ಬೇರೊಬ್ಬನೊಡನೆ ಹೋರಾಡುತ್ತಿದ್ದವನನ್ನು ಕಾಣದಂತೆ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ರಾಮ ಹಲವು ಉತ್ತರ ಕೊಡುತ್ತಾನೆ. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡ ತಪ್ಪಿಗೆ ಇದು ದಂಡನೆ. ಸುಗ್ರೀವನಿಗೆ ಕೊಟ್ಟ ಮಾತು ಇತ್ತು. ಕೊನೆಗೆ ಬೇಟೆಯ ಉತ್ತರವೂ ಬರುತ್ತದೆ: ಮನುಷ್ಯರು ಬಲೆ, ಉರುಲುಗಳಿಂದ, ಅಡಗಿ ನಿಂತೂ ಎದುರು ನಿಂತೂ ಮೃಗಗಳನ್ನು ಹಿಡಿಯುತ್ತಾರೆ, ಬೆನ್ನು ತಿರುಗಿಸಿದವನ್ನೂ ಹೊಡೆಯುತ್ತಾರೆ, ಧರ್ಮ ಬಲ್ಲ ರಾಜರ್ಷಿಗಳೇ ಬೇಟೆಗೆ ಹೋಗುತ್ತಾರೆ, ನೀನೂ ಶಾಖಾಮೃಗ. ಕಿಷ್ಕಿಂಧೆ ಆನೆಗೊಂದಿಯ ಸುತ್ತಲಿನ ನೆಲವೆಂದು ನಂಬುವ ನಮ್ಮಲ್ಲಿ ಈ ಪ್ರಸಂಗದ ಚರ್ಚೆ ಇನ್ನೂ ತಣಿದಿಲ್ಲ. ದಂಡನೆಯ ಉತ್ತರ ವಾಲಿಯನ್ನು ಸರಿತಪ್ಪು ಬಲ್ಲವನೆಂದು ಎಣಿಸುತ್ತದೆ, ಬೇಟೆಯ ಉತ್ತರ ಅವನನ್ನು ಮೃಗವೆನ್ನುತ್ತದೆ, ಎರಡೂ ಒಟ್ಟಿಗೆ ನಿಲ್ಲವು ಎಂಬ ಆಕ್ಷೇಪ ಹಳೆಯದು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಬೇಟೆಯ ಉತ್ತರ ಬೇಟೆಗೇ ಒಗ್ಗುವುದಿಲ್ಲ ಎಂಬುದು. ಅಡಗಿ ನಿಂತದ್ದೇ ಎದುರಿನವನ ಅರಿವನ್ನು ಒಪ್ಪಿದಂತಾದರೆ, ಎದುರಿನವನು ಬರೀ ಮೃಗವೆಂಬುದು ಅಡಗಿದ್ದಕ್ಕೆ ಸಮರ್ಥನೆಯಾಗದು. ಆ ಕಾವ್ಯವೇ ಹುಟ್ಟಿದ್ದು ಬೇಡನ ಬಾಣಕ್ಕೆ ಸಿಕ್ಕ ಕ್ರೌಂಚದ ಮೇಲಿನ ಮರುಕದಿಂದ. ವಾಲ್ಮೀಕಿಯ ಆಶ್ರಮ ಇದ್ದದ್ದು ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟದಲ್ಲಿ ಎಂದು ಕೋಲಾರ ಸೀಮೆಯವರ ನಂಬಿಕೆ, ಬೆಟ್ಟದ ಮೇಲೆ ಸೀತಮ್ಮನ ಗುಡಿಯಿದೆ. ಹಕ್ಕಿಯ ಸಂಕಟ ಕಂಡು ಬೇಡನನ್ನು ಶಪಿಸಿದ ಕವಿ, ವಾಲಿಯ ಪ್ರಶ್ನೆಯನ್ನು ಮೊಟಕು ಮಾಡದೆ ಪೂರ್ತಿ ಕೇಳಿಸಿದ್ದು ಅವನ ಪ್ರಾಮಾಣಿಕತೆ.

ಇನ್ನು ನಮ್ಮ ಕಥೆಗಳಲ್ಲಿ ಜಿಂಕೆಗಳೇ ಏನು ಹೇಳುತ್ತವೆ ಎಂದು ಕೇಳಬೇಕು. ಆಶ್ಚರ್ಯವೆಂದರೆ ಅವು ಕೊಲ್ಲಲೇಬೇಡ ಎಂದು ವಾದಿಸುವುದಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಪಾಂಡುವಿನ ಬಾಣಕ್ಕೆ ಸಿಕ್ಕಿದ್ದು ಜಿಂಕೆಯ ರೂಪದಲ್ಲಿದ್ದ ಕಿಂದಮ ಮುನಿ. ಪಾಂಡು ತನ್ನನ್ನು ಸಮರ್ಥಿಸಿಕೊಳ್ಳುತ್ತಾನೆ: ರಾಜರು ಜಿಂಕೆಯನ್ನು ಕೊಲ್ಲುವುದು ರೂಢಿ, ಅಗಸ್ತ್ಯನೂ ಬೇಟೆಯಾಡಿದವನೇ. ಜಿಂಕೆ ಅದನ್ನು ಅಲ್ಲಗಳೆಯುವುದಿಲ್ಲ. ಕೊಂದದ್ದಕ್ಕಲ್ಲ, ಜೋಡಿ ಕೂಡಿದ ಹೊತ್ತಿನಲ್ಲಿ ಕೊಂದದ್ದಕ್ಕೆ ನಿನ್ನನ್ನು ದೂರುತ್ತೇನೆ ಎನ್ನುತ್ತದೆ. ಶಿವರಾತ್ರಿಯ ಜಿಂಕೆ ಬೇಡನ ಹಸಿವನ್ನು ಪ್ರಶ್ನಿಸುವುದೇ ಇಲ್ಲ. ಮರಿಗಳನ್ನು ಒಪ್ಪಿಸಿ ಬರಲು ಅವಕಾಶ ಕೇಳುತ್ತದೆ, ಅಷ್ಟೇ. ವನಪರ್ವದಲ್ಲಿ ದ್ವೈತವನದ ಜಿಂಕೆಗಳು ಧರ್ಮರಾಜನ ಕನಸಿಗೆ ಬರುತ್ತವೆ. ನಿನ್ನ ತಮ್ಮಂದಿರ ಬೇಟೆಯಿಂದ ನಮ್ಮ ಕುಲ ಬೀಜಕ್ಕೆ ಉಳಿದಷ್ಟೇ ಉಳಿದಿದೆ, ದಯವಿಟ್ಟು ಬೇರೆಡೆಗೆ ಹೋಗು ಎಂದು ಬೇಡುತ್ತವೆ. ಎದ್ದ ಮೇಲೆ ಧರ್ಮರಾಜ ಕನಸನ್ನು ತಮ್ಮಂದಿರಿಗೆ ಹೇಳುತ್ತಾನೆ, ಪಾಂಡವರು ಕಾಮ್ಯಕವನಕ್ಕೆ ಹೊರಡುತ್ತಾರೆ. ಕೂಡುವ ಹೊತ್ತು, ಹಾಲು ಕುಡಿಯುವ ಮರಿ, ಬೀಜಕ್ಕೆ ಉಳಿದ ಕುಲ: ಮೂರು ಜಿಂಕೆಗಳ ಅಹವಾಲು ಇವು. ಈ ಮೂರೂ ಯಾರಿಗೆ ಕಾಣುತ್ತವೆ? ಕುದುರೆಯ ಮೇಲೆ ಅಟ್ಟಿಸಿಕೊಂಡು ಹೋಗುವವನಿಗೆ ಕಾಣುವುದು ಓಡುವ ಬೆನ್ನು ಮಾತ್ರ. ಯಾವುದು ಗಬ್ಬದ ಹೆಣ್ಣು, ಯಾವುದರ ಕೆಚ್ಚಲು ಇಳಿದಿದೆ, ಹುಲ್ಲಿನಲ್ಲಿ ಮಲಗಿಸಿ ಬಂದ ಮರಿಯ ಕಡೆಗೆ ಯಾವುದು ಮತ್ತೆ ಮತ್ತೆ ತಿರುಗಿ ನೋಡುತ್ತಿದೆ, ಹಿಂಡಿನಲ್ಲಿ ಹೋದ ವರ್ಷಕ್ಕಿಂತ ಎಷ್ಟು ಕಡಿಮೆಯಾಗಿವೆ, ಇದೆಲ್ಲ ಕಾಣುವುದು ಅಲುಗದೆ ಕೂತವನಿಗೆ. ಮರೆ ಎಂಬುದು ಜಿಂಕೆಯ ಅಹವಾಲು ಅತಿ ಸ್ಪಷ್ಟವಾಗಿ ಕೇಳಿಸುವ ಜಾಗ. ಬಿಲ್ವದ ಮರದಲ್ಲಿ ಬೇಡನಿಗೆ ಆದದ್ದು ಅದೇ. ಹೀಗಾಗಿ ಮರೆಯಲ್ಲಿ ಕೂರುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ಮರೆಯಲ್ಲಿ ಕೂತವನ ಹೊಣೆ ಎದುರು ನಿಂತವನ ಹೊಣೆಗಿಂತ ದೊಡ್ಡದು, ಅವನು ‘ನನಗೆ ಗೊತ್ತಿರಲಿಲ್ಲ’ ಎನ್ನಲಾರ ಎಂಬುದೇ ನನ್ನ ವಾದ. ದಶರಥ ಕತ್ತಲಲ್ಲಿ ಕೊಡ ತುಂಬುವ ಸದ್ದಿಗೆ ಬಾಣ ಬಿಟ್ಟು ಮುನಿಕುಮಾರನನ್ನು ಕೊಂದಾಗ, ಆನೆಯೆಂದುಕೊಂಡೆ ಎಂದು ಹೇಳಲಾದರೂ ಸಾಧ್ಯವಿತ್ತು. ಕಿಂಡಿಯಲ್ಲಿ ಕಣ್ಣಿಟ್ಟು ಕೂತವನಿಗೆ ಆ ನೆಪವೂ ಇಲ್ಲ.

ಹುಲಿಯೂ ಹೊಂಚು ಹಾಕುತ್ತದಲ್ಲ ಎಂಬುದು ಇದಕ್ಕೆ ಮೊದಲು ಬರುವ ಮಾತು. ಹೌದು, ಹಾಕುತ್ತದೆ. ಅದಕ್ಕೆ ಬೇರೆ ಊಟವಿಲ್ಲ, ಅದರ ಹೊಂಚು ಬಹುಪಾಲು ಸಲ ತಪ್ಪುತ್ತದೆ. ಆದರೆ ಉತ್ತರ ಇರುವುದು ಅದರಲ್ಲೂ ಅಲ್ಲ. ಹುಲಿ ತನ್ನ ಕೆಲಸಕ್ಕೆ ಕಾರಣ ಕೊಡುವುದಿಲ್ಲ. ಹುಲಿಯೂ ಹೀಗೇ ಮಾಡುತ್ತದೆ ಎಂದು ಕಾರಣ ಕೊಡಲು ಹೊರಟ ಕ್ಷಣವೇ ಮನುಷ್ಯ ಹುಲಿಯಿಂದ ಬೇರೆಯಾದ. ಕಾರಣ ಕೊಡಬಲ್ಲವನನ್ನು ಕಾರಣ ಸಾಲದು ಎಂದು ಕೇಳುವ ಹಕ್ಕು ಉಳಿದವರಿಗಿದೆ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು, ಅದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಮರೆಯಿಂದ ಹೊಡೆದರೆ ಹತ್ತಿರದಿಂದ, ನಿಂತ ಪ್ರಾಣಿಗೆ, ಗುರಿ ನೋಡಿ ಹೊಡೆಯಬಹುದು. ಅದು ತಕ್ಷಣ ಸಾಯುತ್ತದೆ. ಅಟ್ಟಿಸಿಕೊಂಡು ಹೋಗಿ ಹೊಡೆದರೆ ಹೊಟ್ಟೆಗೋ ತೊಡೆಗೋ ಪೆಟ್ಟು ತಿಂದು ಮೈಲಿಗಟ್ಟಲೆ ಓಡಿ ನರಳಿ ಸಾಯುತ್ತದೆ. ಹಾಗಿದ್ದ ಮೇಲೆ ಎದುರು ನಿಂತು ಕೊಲ್ಲುವುದೇ ಮೇಲು ಎಂಬ ನಂಬಿಕೆ ಎಲ್ಲಿಂದ ಬಂತು? ವೀರದಿಂದ ಬಂತು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು ಕ್ರಿ.ಶ. 949–50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಮಣಲೇರನೆಂಬ ವೀರ ಬೇಡಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟುಕೊಟ್ಟರು. ಆ ಕಲ್ಲಿನ ಮುಂದೆ ನಿಂತರೆ ಮನಸ್ಸು ತುಂಬಿ ಬರುತ್ತದೆ, ನಿಜ. ಆದರೆ ಎದುರಾಬದುರಾ ಹೋರಾಟದ ಗೌರವ ಹೋರಾಡಿದವರಿಗೆ ಮತ್ತು ನೋಡಿದವರಿಗೆ ಸೇರಿದ್ದು. ಸಾಯುವ ಜಿಂಕೆಗೆ ಕೊಂದವನು ಎದುರಿಗಿದ್ದನೋ ಮರೆಯಲ್ಲಿದ್ದನೋ ಎಂಬುದರಿಂದ ಏನೂ ಆಗಬೇಕಿಲ್ಲ, ನೋವು ಎಷ್ಟು ಹೊತ್ತು ಎಂಬುದೊಂದೇ ಅದಕ್ಕೆ ಸೇರಿದ್ದು. ಹಾಗಾಗಿ ಮರೆಯನ್ನು ಹೇಡಿತನವೆಂದು ಜರೆಯುವ ಕ್ಷತ್ರಿಯ ವಾದ ನನ್ನದಲ್ಲ. ಅದು ಕೊಲ್ಲುವವನ ಮಾನದ ಮಾತು. ನಾನು ಕೇಳುತ್ತಿರುವುದು ಕೊಲ್ಲುವವನ ತಿಳಿವಳಿಕೆಯ ಮಾತು.

ಬದುಕಿನ ಅನಿವಾರ್ಯವಿದ್ದವರ ಗತಿಯೇನು ಎಂದು ಕೇಳುವವರಿದ್ದಾರೆ, ಕೇಳಲೇಬೇಕು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ತಮಿಳುನಾಡಿನ ಗಡಿ ದಾಟಿ ಬರುವ ಆನೆಗಳು ರಾಗಿ, ಟೊಮೆಟೊ, ಬಾಳೆ ತುಳಿದು ಹೋಗುತ್ತವೆ, ಜನರೂ ಸತ್ತಿದ್ದಾರೆ. ಕಾಡುಹಂದಿ ಒಂದೇ ರಾತ್ರಿಯಲ್ಲಿ ಕಡಲೆಕಾಯಿ ಹೊಲ ಕೆದಕಿ ಹಾಕುತ್ತದೆ. ಬೆಳೆ ಕಾಯುವ ಹೊಲದವನನ್ನೂ ಮೋಜಿಗೆ ಕೋವಿ ಹಿಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಜೈನ ಚಿಂತಕರು ಹಿಂಸೆಯನ್ನು ವಿಂಗಡಿಸುವಾಗ ತನ್ನನ್ನೂ ತನ್ನವರನ್ನೂ ಕಾಯಲು ಆಗುವ ಹಿಂಸೆಯನ್ನು ಬೇರೆ ಇಟ್ಟು, ಬೇಕೆಂದೇ ಸಂಕಲ್ಪ ಮಾಡಿ ಎಸಗುವ ಹಿಂಸೆಯನ್ನು ಎಲ್ಲಕ್ಕಿಂತ ಭಾರವೆಂದರು. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ಕೊಂದದ್ದು ಹಿಟ್ಟಿನ ಕೋಳಿಯನ್ನು, ಆದರೂ ಸಂಕಲ್ಪ ಜನ್ಮಜನ್ಮಕ್ಕೆ ಬೆನ್ನು ಹತ್ತಿತು. ಶಿವರಾತ್ರಿಯ ಜಿಂಕೆ ಬೇಡನ ಹಸಿವನ್ನು ಕಾರಣವೆಂದು ಒಪ್ಪಿದ ಹಾಗೆ, ಹಸಿವನ್ನೂ ಬೆಳೆಯನ್ನೂ ಕಾರಣವೆಂದು ನಾನೂ ಒಪ್ಪುತ್ತೇನೆ. ಆದರೆ ಈಗ ಹೊಲದಂಚಿನಲ್ಲಿ ನಡೆಯುತ್ತಿರುವುದನ್ನು ನೋಡಿ. ಬೇಲಿಗೆ ಹರಿಸಿದ ಕರೆಂಟು, ತಂತಿಯ ಉರುಲು, ಹಿಟ್ಟಿನುಂಡೆಯೊಳಗಿನ ಸಿಡಿಮದ್ದು. ಇವೂ ಪೊದೆಯಲ್ಲಿ ಅಡಗಿರುವ ಮರೆಗಳೇ, ಒಳಗೆ ಮನುಷ್ಯ ಇಲ್ಲ ಅಷ್ಟೇ. ಬಂದದ್ದು ಹಂದಿಯೋ, ಜಿಂಕೆಯೋ, ಮರಿ ಆನೆಯೋ, ಪಕ್ಕದ ಮನೆಯ ಹುಡುಗನೋ ಎಂದು ನೋಡುವ ಕಣ್ಣೇ ಅಲ್ಲಿಲ್ಲ, ಹಾಗಾಗಿ ತಡೆಯುವ ಕೈಯೂ ಇಲ್ಲ. ಅಟ್ಟಣೆಯ ಮೇಲೆ ರಾತ್ರಿಯಿಡೀ ತಮಟೆ ಬಡಿದು ಕಾವಲಿದ್ದವನಿಗೆ ಯಾವುದಾದರೂ ಅಹವಾಲು ಕೇಳಿಸುವ ಸಂಭವವಿತ್ತು, ತಂತಿಗೆ ಅದಿಲ್ಲ. ಮರೆಯ ಬೇಟೆಗಾರನ ಮೇಲೆ ಹೊರಿಸಿದ ಹೊಣೆಯನ್ನು ತಂತಿ ಕಟ್ಟಿ ಮನೆಗೆ ಹೋಗಿ ಮಲಗಿದವನಿಗೆ ಮಾಫಿ ಮಾಡುವ ಹಾಗಿಲ್ಲ. ನೋಡದೆ ಇರುವುದನ್ನು ಅವನೇ ಆರಿಸಿಕೊಂಡದ್ದು.

ಈ ವಾದ ಹಿಡಿದರೆ ಮೀನಿನ ಗಾಳವನ್ನೂ ಕಸಾಯಿಖಾನೆಗೆ ನಂಬಿ ನಡೆಯುವ ಕುರಿಯನ್ನೂ ಮುಟ್ಟಬೇಕಾಗುತ್ತದೆ ಎನ್ನಬಹುದು. ಮುಟ್ಟುತ್ತದೆ, ಅದನ್ನು ಅಲ್ಲಿಗೆ ಹೋಗದಂತೆ ತಡೆಯಲು ನನ್ನಲ್ಲಿ ಕಾರಣವಿಲ್ಲ. ಮಾಂಸ ತಿನ್ನುವವರನ್ನು ಕೀಳಾಗಿ ಕಾಣಲು ಇದನ್ನು ಬಳಸುವವರ ಜೊತೆ ಮಾತ್ರ ನಾನಿಲ್ಲ. ತಾನು ಬೇಟೆಯಾಡಿ ತಂದ ಮಾಂಸವನ್ನೇ ಶಿವನಿಗೆ ಉಣಿಸಿದ ಕಣ್ಣಪ್ಪನನ್ನು ದೊಡ್ಡ ಭಕ್ತನೆಂದು ಒಪ್ಪಿದ ನಾಡು ನಮ್ಮದು. ಕಣ್ಣಪ್ಪನ ಮುಂದೆ ಕೃಷ್ಣಾಜಿನ ಹಾಸಿ ಕೂತ ಶುದ್ಧರಿಗೆ ಏನೂ ಹೆಚ್ಚುಗಾರಿಕೆಯಿಲ್ಲ, ಆ ಚರ್ಮವೂ ಒಂದು ಜಿಂಕೆಯ ಮೈಯಿಂದಲೇ ಬಂದದ್ದು.

ಕಾನೂನಿನ ಮಟ್ಟದಲ್ಲಿ ಪ್ರಶ್ನೆ ತೀರ್ಮಾನವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಜಿಂಕೆ ಬೇಟೆ ಅಪರಾಧ, ಕೃಷ್ಣಮೃಗವನ್ನು ಮೊದಲ ಅನುಸೂಚಿಯಲ್ಲಿಟ್ಟು ಕಾಯಲಾಗಿದೆ. ರಾಣೆಬೆನ್ನೂರಿನಲ್ಲಿ 1974ರಿಂದ ಅದಕ್ಕೊಂದು ಅಭಯಾರಣ್ಯವಿದೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಮೀಸಲು ಪ್ರದೇಶವಿದೆ. ಗಣಿಸೀಮೆಯ ಕೃಷ್ಣಮೃಗಗಳಿಗೆ ಅಂಥ ಹೆಸರಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಾಳು ಬಿದ್ದ ಶಾಫ್ಟುಗಳ ಸುತ್ತಲಿನ, ಸೈನೈಡ್ ದಿಬ್ಬಗಳ ಬುಡದ ಬಯಲಿನಲ್ಲಿ ಅವು ಮೇಯುತ್ತವೆ. ಕೃಷ್ಣಮೃಗ ತಾನಾಗಿ ಸುಳಿದಾಡುವ ನೆಲವೇ ಯಜ್ಞಕ್ಕೆ ತಕ್ಕ ನೆಲವೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ಹೇಳುತ್ತದೆ. ಮನುವಿನ ಬಹಳಷ್ಟು ಮಾತುಗಳನ್ನು ನಾನು ಒಪ್ಪಲಾರೆ. ಇದೊಂದನ್ನು ಹಿಡಿದು ನೋಡಿದರೆ, ನೂರಿಪ್ಪತ್ತು ವರ್ಷ ಬಗೆದು ವಿಷದ ಮಣ್ಣು ಸುರಿದು ಬಿಟ್ಟುಹೋದ ಈ ನೆಲವನ್ನೂ ಅವು ಪವಿತ್ರ ಮಾಡಿಕೊಂಡಿವೆ. ಈಗ ಆ ದಿಬ್ಬಗಳಲ್ಲಿ ಉಳಿದ ಚಿನ್ನಕ್ಕಾಗಿ ಮತ್ತೆ ಕೈ ಹಾಕುವ ಯೋಜನೆ ಇದೆ. 13 ದಿಬ್ಬಗಳ, ಸುಮಾರು ಸಾವಿರ ಎಕರೆಯ ಹರಾಜಿನ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗಣಿ ಮುಚ್ಚಿ ಕೆಲಸ ಕಳೆದುಕೊಂಡ, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಮನೆಗಳಿಗೆ ಇದರಿಂದ ಊರಲ್ಲೇ ದುಡಿಮೆ ಸಿಗುವುದಾದರೆ ಬೇಡ ಎನ್ನುವ ಬಾಯಿ ನನಗಿಲ್ಲ. ಹಸಿವು ಇಲ್ಲಿಯೂ ಕಾರಣವೇ. ಆದರೆ ಬುಲ್ಡೋಜರು ಕೂಡ ಒಳಗೆ ಕಣ್ಣಿಲ್ಲದ ಮರೆ. ಅದು ಬರುವ ಮೊದಲು ಅರಣ್ಯ ಇಲಾಖೆಯವರೋ ಊರಿನ ಕಾಲೇಜಿನ ಹುಡುಗ ಹುಡುಗಿಯರೋ ಆ ಬಯಲಿನ ಅಂಚಿನಲ್ಲಿ ತಂಗಡಿ, ಬಂದರೆ ಸೊಪ್ಪಿನ ಮರೆ ಕಟ್ಟಿ, ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಬೆಳಗು ಬೈಗು ಕೂತು, ಎಷ್ಟು ಹೆಣ್ಣು, ಎಷ್ಟು ಗಂಡು, ಎಷ್ಟು ಮರಿ, ಯಾವ ದಿಬ್ಬದ ಪಕ್ಕ ಮಲಗುತ್ತವೆ, ಯಾವ ಕಡೆಯಿಂದ ನೀರಿಗೆ ಬರುತ್ತವೆ ಎಂದು ಬರೆದಿಡಬೇಕು. ಆ ಲೆಕ್ಕ ಮೇಜಿನ ಮೇಲೆ ಬಂದ ಮೇಲೆ ಹರಾಜಿನ ಕಾಗದಕ್ಕೆ ಸಹಿ ಬೀಳಲಿ.